ಗೋಡೆ ಬದಿಯ ಜಾಗ

ಚನ್ನಪಟ್ಟಣದ ನಮ್ಮ ಸಭೆಯ ಮನೆಕೂಟ ಪ್ರತಿ ಶುಕ್ರವಾರ ಸಂಜೆ ಒಬ್ಬೊಬ್ಬರ ಮನೆಯಲ್ಲಿ ನಡೆಯುತ್ತದೆ. ಕಣ್ಣು ಮುಚ್ಚಿ, ಕೈ ಕೈ ಹಿಡಿದು ಸಾಲಾಗಿ ಕೂರುತ್ತೇವೆ. ನಮ್ಮ ಪ್ರಾರ್ಥನೆ ಮುಗಿದಾಗ ಪಕ್ಕದವರ ಕೈ ಅದುಮಿದರೆ ಮುಂದಿನದು ಅವರ ಸರದಿ.

ಕೂಟಕ್ಕೆ ಬರುತ್ತಿದ್ದ ಸುವಾರ್ತಮ್ಮ ರೇಷ್ಮೆ ಗೂಡು ಬೇಯಿಸುವ ಕೆಲಸದವರು. ಬಿಸಿನೀರಲ್ಲಿ ನೆನೆದೂ ನೆನೆದೂ ಬೆರಳು ಬಿಳಿಚಿಕೊಂಡಿದ್ದವು. ಕೈ ಸತ್ತ ಹುಳದ ವಾಸನೆ ಹೊಡೆಯುತ್ತಿತ್ತು. "ಬಾವ್ವ, ಇಲ್ಲೇ ಕುಂತ್ಕೊ" ಎಂದು ಕರೆದರೂ ನಾನು ಸಾಲಿನ ಕೊನೆಗೆ, ಗೋಡೆ ಬದಿಗೆ ಸರಿದುಬಿಡುತ್ತಿದ್ದೆ.

ಹೋದ ತಿಂಗಳು ಅವರನ್ನು ಮಣ್ಣು ಮಾಡಿ ಬಂದೆವು.

ಮರು ಶುಕ್ರವಾರವೂ ನಾನು ಗೋಡೆ ಪಕ್ಕವೇ ಕೂತೆ. ಕೊನೆಯ ಸರದಿ ನನ್ನದು. ಪ್ರಾರ್ಥಿಸುತ್ತಿದ್ದಂತೆ ಗೋಡೆಯ ಕಡೆಯಿಂದ ಒಂದು ಕೈ ಬಂದು ನನ್ನ ಎಡಗೈ ಹಿಡಿಯಿತು. ಒದ್ದೆಯಾಗಿ ಬೆಚ್ಚಗಿತ್ತು, ಬೆರಳ ತುದಿ ಸುಕ್ಕುಗಟ್ಟಿತ್ತು. ಹಿಡಿದದ್ದೂ ಮೆಲ್ಲಗೇ. ನನ್ನ ಪ್ರಾರ್ಥನೆ ಮುಗಿಯಿತು. ನಾನು ಅದುಮಲಿ ಎಂದು ಆ ಕೈ ಕಾಯುತ್ತಿತ್ತು. ಒಂದು ಸಲ ಅದುಮಿದ್ದರೆ ಸಾಕಿತ್ತು. ನಾನು ಕೈ ಕಿತ್ತುಕೊಂಡು "ಆಮೆನ್" ಎಂದುಬಿಟ್ಟೆ.

ಕಣ್ಣು ತೆರೆದರೆ ಬರೀ ಗೋಡೆ. ಕೂಟ ನಡೆಸುವ ರೂತಕ್ಕ ಸೆರಗಿನಿಂದ ಮೂಗು ಮುಚ್ಚಿಕೊಂಡು, "ಇದ್ಯಾವ ವಾಸ್ನೆ ಕಣ್ರವ್ವಾ? ಇಲ್ಲ್ಯಾರು ಗೂಡು ಬೇಯ್ಸ್ತಾವ್ರೆ?" ಎಂದರು.

ಸೋಪು ಹಚ್ಚಿದೆ, ನಿಂಬೆಹಣ್ಣು ತಿಕ್ಕಿದೆ, ಎಡಗೈ ವಾಸನೆ ಇವತ್ತಿಗೂ ಹೋಗಿಲ್ಲ. ಈಗ ಕೂಟದಲ್ಲಿ ನಾನು "ಬನ್ರವ್ವ, ಇಲ್ಲೇ ಕುಂತ್ಕೊಳಿ" ಎಂದು ಕೈ ಚಾಚಿದರೆ, ಎಲ್ಲರೂ ಮೆಲ್ಲಗೆ ಗೋಡೆ ಬದಿಗೆ ಸರಿಯುತ್ತಾರೆ.