ಆರತಿ ಎತ್ತಿದ ಕಾರು

"ಎಂಜಿನ್‌ನಲ್ಲಿ ಎಣ್ಣೆಯೇ ಇರಲಿಲ್ಲಮ್ಮಾ..."

ಬತ್ತಲಗುಂಡಿನಿಂದ ಸುದ್ದಿ ತಂದ ಲಾರಿ ಚಾಲಕ ತಲೆ ತಗ್ಗಿಸಿ ನಿಂತಿದ್ದ. ತೇನಿಯ ಆ ಮನೆಯ ಜಗಲಿಯಲ್ಲಿ, ಸರಸುವಿನ ನಿಶ್ಚಿತಾರ್ಥಕ್ಕೆಂದು ತೊಳೆದಿಟ್ಟ ಹಿತ್ತಾಳೆ ತಟ್ಟೆಗಳು ಇನ್ನೂ ಒಣಗಿರಲಿಲ್ಲ.

ಆ ತಟ್ಟೆಗಳಿಗೆ ಪ್ಲಮ್ ಹಣ್ಣು ತರುತ್ತೇನೆಂದು ಬೆಳಿಗ್ಗೆಯಷ್ಟೇ ಕೊಡೈಕಾನಲ್‌ಗೆ ಹೊರಟಿದ್ದ ಅವಳ ಅಣ್ಣ ಪೆರಿಯಣ್ಣನ್. ಘಾಟಿಯ ತಿರುವಿನಲ್ಲಿ ಎಂಜಿನ್ ಕಚ್ಚಿಕೊಂಡು ನಿಂತಿತಂತೆ. ಕಾರು ಹಿಂದಕ್ಕೆ ಜಾರಿ ಬಂಡೆಗೆ ಬಡಿಯಿತಂತೆ. ಮೇಲ್ಛಾವಣಿಯಿಲ್ಲದ ಕಾರು. ಅವನನ್ನು ಹಿಡಿದಿಡಲು ಏನೂ ಇರಲಿಲ್ಲ.

ತಾಯಿ ಕಾಮಾಕ್ಷಿಯಮ್ಮಾಳ್‌ಗೆ ಅಳುವೂ ಬರಲಿಲ್ಲ.

"ಎಣ್ಣೆ ನೋಡ್ದೋರು ಯಾರು?" ಎಂದಷ್ಟೇ ಕೇಳಿದಳು.

ಕಂಬ ಹಿಡಿದು ನಿಂತಿದ್ದ ಚಿನ್ನಸಾಮಿ. ಕಾಮಾಕ್ಷಿಯಮ್ಮಾಳ್‌ಳ ಅಣ್ಣನ ಮಗ, ಸರಸುವಿನ ಕೈ ಹಿಡಿಯಬೇಕಾದವನು. ತೋಟ ಮಾರಿ ಊರಿಗೆ ಹೊರಟ ಇಂಗ್ಲಿಷ್ ದೊರೆಯಿಂದ ಆ ಎರಡು ಸೀಟಿನ ಕೆಂಪು ಸ್ಪೋರ್ಟ್ಸ್ ಕಾರನ್ನು ಅವನೂ ಪೆರಿಯಣ್ಣನೂ ಪಾಲಿನಲ್ಲಿ ಕೊಂಡಿದ್ದರು.

"ನಾನೇ ನೋಡ್ದೆ, ಅತ್ತೆ."

ಸರಸು ಅವನನ್ನೇ ದಿಟ್ಟಿಸಿದಳು. ನಿಜ... ಬೆಳಿಗ್ಗೆ ಕಾರಿಗೆ ಪೂಜೆಯಾದ ಮೇಲೆ, ಅವಳು ಪೆರುಮಾಳ್ ಗುಡಿಯಿಂದ ಹೊರಬರುವಾಗ, ಎಣ್ಣೆ ಅಳೆಯುವ ಕಡ್ಡಿ ಇವನ ಕೈಯಲ್ಲೇ ಇತ್ತು!

"ನೋಡಿಯೂ ಕಳಿಸ್ದ್ಯಾ? ನಮ್ಮ ಅಣ್ಣನ್ನ ಕಳಿಸ್ದ್ಯಾ ನೀನು?"

ಬುದ್ಧಿ ಬಂದಾಗಿನಿಂದ 'ನೀವು' ಎನ್ನುತ್ತಿದ್ದವನನ್ನು ಅಂದು ಮೊದಲ ಸಲ 'ನೀನು' ಎಂದಳು.

"ಇನ್ನು ಈ ಹೊಸ್ತಿಲು ತುಳೀಬೇಡ!"

ಅವನು ಜಗಲಿ ಇಳಿದು ಹೋದ.

ಕ್ರಿಯಾಕರ್ಮ ಮುಗಿಯಿತು. ಮಳೆಗಾಲ ಕಳೆಯಿತು. ರಿಪೇರಿಯಾಗಿ ಬಂದ ಕಾರನ್ನು ದಿಂಡಿಗಲ್‌ನ ಹೊಗೆಸೊಪ್ಪಿನ ವ್ಯಾಪಾರಿಯೊಬ್ಬ ಕೆಲವು ದಿನ ಓಡಿಸಿ ನೋಡಿ, ಕೊಂಡುಕೊಂಡ. ಇಲ್ಲಿಂದಲೇ ನೇರ ಕೊಡೈಕಾನಲ್‌ಗೆ ಹತ್ತಿಸುತ್ತೇನೆಂದು ಹೊರಟು ನಿಂತ.

"ನಮ್ಮ ಮಗ ಆಸೆಪಟ್ಟ ವಂಡಿ. ಒಂದು ಕರ್ಪೂರ ಹಚ್ಚಿ ಕಳಿಸ್ತೀನಿ," ಎಂದಳು ಕಾಮಾಕ್ಷಿಯಮ್ಮಾಳ್.

ಗುಡಿ ಇದ್ದದ್ದು ದಿಬ್ಬದ ಮೇಲೆ. ಕಾರು ಏರಿನಲ್ಲಿ ಮೂತಿ ಮೇಲೆ ಮಾಡಿ ದೇವರ ಕಡೆಗೆ ನಿಂತಿತು. ಪಾಲುಗಾರನೆಂದು ಚಿನ್ನಸಾಮಿಯೂ ಬಂದಿದ್ದ, ದೂರದಲ್ಲಿ. ಸರಸು ಅವನತ್ತ ನೋಡಲಿಲ್ಲ. ನೋಡಬಾರದು... ನೋಡಿದರೆ ಅಳು ಬರುತ್ತದೆ!

ಆರತಿಯಾಯಿತು. ಚಕ್ರದಡಿ ನಿಂಬೆಹಣ್ಣು ಇಟ್ಟರು. ವ್ಯಾಪಾರಿ ಮೂತಿಯ ಮುಚ್ಚಳ ಎತ್ತಿ, ಕಡ್ಡಿ ಎಳೆದು ನೋಡಿದ.

"ಮೇಲಿನ ಗೆರೆ ಮುಟ್ಟಿದೆ. ಹೊರಡೋಣ!"

"ಇಲ್ಲಿ ನೋಡ್ಬೇಡಿ!" ಚಿನ್ನಸಾಮಿ ಓಡಿ ಬಂದ. "ಹಳೇ ಎಂಜಿನ್, ಎಣ್ಣೆ ಕುಡೀತದೆ. ಏರಲ್ಲಿ ನಿಂತ್ರೆ ಇದ್ದಬದ್ದ ಎಣ್ಣೆ ಹಿಂದಕ್ಕೆ ಸರೀತದೆ, ಕಡ್ಡಿ ಇಳಿಯೋದೂ ಅಲ್ಲಿಗೇ, ತುಂಬಿದ ಹಾಗೆ ಕಾಣ್ತದೆ. ಕೆಳಗೆ ಸಮ ನೆಲಕ್ಕೆ ಬಿಟ್ಟು ನೋಡ್ಬೇಕು."

"ಆರತಿ ಎತ್ತಿದ ವಂಡಿ ಹಿಂದಕ್ಕೆ ಹೋಗ್ಬಾರ್ದು!" ಕಾಮಾಕ್ಷಿಯಮ್ಮಾಳ್ ಗದರಿದಳು. "ಅವತ್ತೂ ಇದೇ ರಗಳೆ ಮಾಡ್ದೆ ನೀನು. ಬೇಡ, ಮುಂದಕ್ಕೇ ಹೋಗ್ಲಿ!"

ಅವತ್ತೂ...?

ಸರಸು ಗಕ್ಕನೆ ತಿರುಗಿದಳು.

ಚಿನ್ನಸಾಮಿಯ ಮುಖ ಬಿಳಚಿಕೊಂಡಿತ್ತು. "ಇವತ್ತು ನಿಮ್ಮ ಮಾತು ಕೇಳಲ್ಲ ಅತ್ತೆ. ಮನ್ನಿಸಿ."

ಅವನು ಬ್ರೇಕು ಸಡಿಲಿಸಿ, ಹೆಗಲು ಕೊಟ್ಟು ತಡೆಯುತ್ತಾ ತಡೆಯುತ್ತಾ ಕಾರನ್ನು ಇಳಿಸಿದ. ನಿಂಬೆಹಣ್ಣು ಉರುಳಿ ಚರಂಡಿಗೆ ಬಿತ್ತು.

"ದೇವರ ಎದುರಿಗೇ... ದುರಹಂಕಾರಿ!" ಕಣ್ಣೊರೆಸುತ್ತಾ ಕಾಮಾಕ್ಷಿಯಮ್ಮಾಳ್ ಗುಡಿಯೊಳಗೆ ಹೋದಳು.

ಚಿನ್ನಸಾಮಿ ಕೂಡಲೇ ಕಡ್ಡಿ ಎಳೆಯದೆ ಕಾದ. "ಎಣ್ಣೆ ನೋಡೋಕೂ ಮುಹೂರ್ತ ಇಡ್ತೀಯಲ್ಲಪ್ಪಾ!" ವ್ಯಾಪಾರಿ ನಕ್ಕ.

"ಈಗ ತಾನೇ ಓಡಿದ ಎಂಜಿನ್. ಮೇಲಿರೋ ಎಣ್ಣೆ ಕೆಳಗಿಳೀಲಿ. ಅಷ್ಟರಲ್ಲಿ ಒಂದು ವೀಳ್ಯ ಹಾಕ್ಕೊಳ್ಳಿ."

ವ್ಯಾಪಾರಿ ವೀಳ್ಯ ಮಡಿಸಿದ. ಸರಸು ಎಂಜಿನ್ ಕಡೆಯೇ ನೋಡುತ್ತಿದ್ದಳು. ಎಣ್ಣೆ ಇದ್ದರೆ ಒಂದು, ಇಲ್ಲದಿದ್ದರೆ... ಇಲ್ಲದಿದ್ದರೆ ಇಷ್ಟು ದಿನ ತಾನು ಶಪಿಸಿದ್ದು ಯಾರನ್ನು?

ಕೊನೆಗೆ ಅವನು ಕಡ್ಡಿ ಎಳೆದ. ಒರೆಸಲು ಬಟ್ಟೆಗಾಗಿ ಅತ್ತಿತ್ತ ನೋಡಿದ. ಸರಸು ಮುಂದೆ ಬಂದು ಸೆರಗಿನ ತುದಿ ಹಿಡಿದಳು.

"ಕರೆಯಾಗ್ತದೆ..."

"ಆಗ್ಲಿ."

ಅವನು ಒರೆಸಿದ. ಕಡ್ಡಿಯನ್ನು ತಳದವರೆಗೆ ಇಳಿಸಿ ಮತ್ತೆ ಎಳೆದ.

ತುದಿಯಷ್ಟೇ ಒದ್ದೆ! ಕೆಳಗಿನ ಗೆರೆಗೂ ಮುಟ್ಟಿರಲಿಲ್ಲ.

ವ್ಯಾಪಾರಿಯ ನಗು ನಿಂತಿತು. ಕಾರಿನಲ್ಲಿದ್ದ ಡಬ್ಬಿಯಿಂದ ಎಣ್ಣೆ ಹುಯ್ದು, ಮತ್ತೆ ಅಳೆದು, ಮೇಲಿನ ಗೆರೆಗೆ ತಂದರು. ವ್ಯಾಪಾರಿ ಕೈಮುಗಿದು ಹೊರಟುಹೋದ.

ಧೂಳು ಅಡಗಿದ ಮೇಲೆ ಸರಸು ಅವನನ್ನು ಮತ್ತೆ ಮೊದಲಿನ ಹಾಗೆಯೇ ಕರೆದಳು.

"ಅವತ್ತು ಏನಾಯ್ತು, ಮಾಮಾ?"

"ಪೆರಿಯಣ್ಣನ್ ತಾನೇ ನೋಡಿ, 'ತುಂಬಿದೆ ಮಾಪ್ಳೆ' ಅಂತ ಕಡ್ಡಿ ನನ್ನ ಕೈಗಿಟ್ಟ. ಕೆಳಗಿಳಿಸು ಅಂದೆ. ಅತ್ತೆ ಬೇಡ ಅಂದ್ರು. ನಗ್ತಾ ಹತ್ತಿಬಿಟ್ಟ... ನಾನು ಅಡ್ಡ ನಿಲ್ಲಬೇಕಿತ್ತು, ಸರಸು."

"ಮತ್ತೆ ನಾನೇ ನೋಡ್ದೆ ಅಂತ ಯಾಕೆ ಅಂದ್ರಿ? ನಾನು ಅಷ್ಟು ಬೈದ್ರೂ..."

ಅವನು ಗುಡಿಯ ಕಡೆ ನೋಡಿದ. ಒಳಗೆ ಗಂಟೆ ಬಾರಿಸುತ್ತಿತ್ತು.

"ಅತ್ತೆ ಬದುಕಬೇಕಲ್ಲ."

ಸರಸು ಕರೆಯಾದ ಸೆರಗಿನಿಂದಲೇ ಮುಖ ಮುಚ್ಚಿಕೊಂಡು ಬಿಕ್ಕಿದಳು.

"ತಟ್ಟೆಗಳು ಹಾಗೇ ಇವೆ, ಮಾಮಾ," ಎಂದಳು ಕೊನೆಗೆ. "ಪ್ಲಮ್ ಹಣ್ಣು ಯಾರು ತರ್ತಾರೆ?"

"ನಾನು ತರ್ತೀನಿ." ಅವನು ಕೈಗೆ ಹತ್ತಿದ ಎಣ್ಣೆ ಒರೆಸಿಕೊಂಡ. "ಬಸ್ಸಲ್ಲಿ."

ಅಳುವಿನ ನಡುವೆಯೂ ಅವಳಿಗೆ ನಗು ಬಂತು.

ಕಾಮಾಕ್ಷಿಯಮ್ಮಾಳ್ ತುಳಸಿ ಹಿಡಿದು ಹೊರಬಂದಳು. ಖಾಲಿ ರಸ್ತೆಯನ್ನು ನೋಡಿ ಕೇಳಿದಳು:

"ಎಣ್ಣೆ ಇತ್ತಾ?"

ಚಿನ್ನಸಾಮಿ ಸರಸುವಿನತ್ತ ನೋಡಿದ.

"ಇತ್ತು, ಅವ್ವಾ," ಎಂದಳು ಸರಸು. "ಮಾಮಾ ಇವತ್ತು ಊಟಕ್ಕೆ ಮನೆಗೆ ಬರ್ತಾರೆ."

ತಾಯಿ ಮಗಳ ಮುಖವನ್ನೇ ನೋಡಿದಳು. ಆಮೇಲೆ ಒಂದು ಎಸಳು ತುಳಸಿಯನ್ನು ಅಳಿಯನ ಅಂಗೈಗೆ ಹಾಕಿದಳು. ಮೂವರೂ ಗರ್ಭಗುಡಿಯ ಕಡೆ ತಿರುಗಿ ಕೈಮುಗಿದರು.

ಪೆರುಮಾಳೇ, ನಮ್ಮ ಪೆರಿಯಣ್ಣನ್ ಈಗ ಹೋಗುವ ದಾರಿಯಲ್ಲಿ ಏರು ಇಲ್ಲದಿರಲಿ. ಅವನನ್ನು ನಿನ್ನ ಪಾದದಡಿ ಇರಿಸಿಕೊಂಡು ಶಾಂತಿ ಕೊಡು, ಸ್ವಾಮಿ.