ಕಲ್ಲಿಗೆ ಹಿಟ್ಟು ಹಚ್ಚಿದ ದಿನ

ಉಡಿ ತುಂಬಿಸಿಕೊಂಡ ಮೇಲೆ, ಅದು ತಪ್ಪಾಗಿ ಆದದ್ದು ಎಂದು ಯಾರ ಮುಂದೆ ಹೇಳುವುದು? ಮಸ್ಕಿಯ ಗ್ಯಾನಮ್ಮನಿಗೆ ವಾರದಿಂದ ಇದೊಂದೇ ತಲೆಬಿಸಿ.

ಆಗಿದ್ದಿಷ್ಟು. ತೊಂಬತ್ತೊಂಬತ್ತರ ಚಳಿಗಾಲ. ಸಿಂಧನೂರಿನ ಮಲೀಕಸಾಬರ ಕಂಪ್ಯೂಟರ್ ಸೆಂಟರಿನಲ್ಲಿ ಅವಳು ಆಪರೇಟರ್. ಲಿಂಗಸೂಗೂರಿನ ಕಾಲೇಜಿನಲ್ಲಿ ಇತಿಹಾಸ ಕಲಿಸುವ ಮೈಲಾರಲಿಂಗಪ್ಪ ಈ ಸೀಮೆಯ ಶಾಸನ, ಸನದು, ಹಳೇ ಫೋಟೋಗಳನ್ನೆಲ್ಲ ಇಂಟರ್ನೆಟ್ಟಿಗೆ ಏರಿಸುವ ಹುಚ್ಚು ಹಚ್ಚಿಕೊಂಡು ಪ್ರತಿ ವಾರ ಅಲ್ಲಿಗೆ ಬರುತ್ತಿದ್ದ. ಸ್ಕ್ಯಾನರಿನ ಬೆಳಕು ಹರಿಯುವಾಗ ಪರದೆ ನೋಡಬೇಕಾದವನು ಇವಳನ್ನು ನೋಡುತ್ತಿದ್ದ. ಇವಳು ತಿರುಗಿದರೆ ಗೋಡೆಯ ಕ್ಯಾಲೆಂಡರ್ ಓದುತ್ತಿದ್ದ, ಅದೂ ಹೋದ ವರ್ಷದ್ದು.

ಉಳಿದದ್ದು ಒಂದೇ ಶಾಸನ, ಮುಕ್ಕುಂದದ ಆಚೆಯ ಹಳ್ಳಿಯೊಂದರಲ್ಲಿ. ಅದು ಮುಗಿದರೆ ಅವನಿಗೆ ಸಿಂಧನೂರಿಗೆ ಬರಲು ನೆಪವೇ ಉಳಿಯುತ್ತಿರಲಿಲ್ಲ. ಸವೆದ ಅಕ್ಷರ ಕಾಣಬೇಕಾದರೆ ಕಲ್ಲು ತೊಳೆದು ಅಕ್ಕಿಹಿಟ್ಟು ತಿಕ್ಕಿ ಫೋಟೋ ಹೊಡೆಯಬೇಕು, ಒಬ್ಬರ ಕೈಲಾಗುವ ಕೆಲಸವಲ್ಲ. ಗ್ಯಾನಮ್ಮ ಜೊತೆಗೆ ಹೊರಟಳು.

ಇಬ್ಬರೂ ಕೂಡಿ ಹಿಟ್ಟು ಹಚ್ಚುತ್ತಿದ್ದಾಗ ಆ ಊರಿನ ಮುದುಕಿ ತಿಮ್ಮವ್ವ ಓಣಿಯ ಹೆಂಗಸರನ್ನು ಕರೆದುಕೊಂಡೇ ಬಂದಳು. ಅಲ್ಲಿ ಹೊಸದಾಗಿ ಮದುವೆಯಾದವರು ಜೋಡಿಯಾಗಿ ಬಂದು ಆ ಕಲ್ಲು ತೊಳೆಯುವುದು ಪದ್ಧತಿ. ಉಳಿದವರು ಅದನ್ನು ಮುಟ್ಟುವಂತಿಲ್ಲ.

“ಯಾವೂರ ಮದುಮಕ್ಕಳವ್ವ ನೀವು?”

ಗ್ಯಾನಮ್ಮ ಬಾಯಿ ತೆರೆಯುವಷ್ಟರಲ್ಲಿ ಮೈಲಾರಲಿಂಗಪ್ಪ, “ಲಿಂಗಸೂಗೂರು, ಯವ್ವಾ” ಎಂದುಬಿಟ್ಟ.

ಅಷ್ಟೇ ಸಾಕಾಯಿತು. ಅಕ್ಕಿ ಬಂತು, ಕೊಬ್ಬರಿ ಬಟ್ಟಲು ಬಂತು, ಕುಪ್ಪಸದ ಕಣ ಬಂತು, ಗ್ಯಾನಮ್ಮನ ಉಡಿ ತುಂಬಿತು. ಅವನು ಮುಖ ತೋರಿಸದೆ ಕ್ಯಾಮೆರಾ ಒತ್ತುತ್ತಿದ್ದ. ಕಿವಿಗಳು ಮಾತ್ರ ಕೆಂಪಗಾಗಿದ್ದವು.

ಮದುಮಕ್ಕಳಲ್ಲ ಎಂದು ಅವನು ಹೇಳದೆ ಬಿಟ್ಟದ್ದು ಕಲ್ಲಿನ ಆಸೆಗೋ, ತನ್ನ ಮೇಲಿನ ಆಸೆಗೋ? ಬಸ್ಸಿನಲ್ಲಿ ಅವನು ಕಿಟಕಿಯಾಚೆ ಊರೂರಿನ ಬೋರ್ಡು ಓದುತ್ತ ಕುಳಿತ. ಇವಳಿಗೆ ಸಿಟ್ಟು ಬಂತು, ಸಿಟ್ಟಿನೊಳಗೇ ಖುಷಿಯೂ ಆಯಿತು, ಖುಷಿಯಾಯಿತಲ್ಲ ಎಂದು ಮತ್ತೆ ಸಿಟ್ಟು ಬಂತು.

ಫೋಟೋ ತೊಳೆಸಿಕೊಂಡು ಅವನು ಇವತ್ತು ಬಂದಿದ್ದ. ಅಕ್ಷರ ಸ್ಪಷ್ಟವಾಗಿದ್ದದ್ದು ಒಂದರಲ್ಲಿ ಮಾತ್ರ. ಅದರಲ್ಲಿ ಕಲ್ಲಿನ ಪಕ್ಕ, ತುಂಬಿದ ಉಡಿ ಹಿಡಿದು ಗ್ಯಾನಮ್ಮ ನಿಂತಿದ್ದಳು.

“ನಿಮ್ಮನ್ನ ಕತ್ತರಿಸಿ ಕಲ್ಲಷ್ಟ ಹಾಕೂಣೇನ್ರಿ?” ಎಂದ.

ಗ್ಯಾನಮ್ಮ ಮೌಸ್ ಬಿಟ್ಟಳು. “ಆವತ್ತ ನಾವು ಮದುಮಕ್ಕಳಲ್ಲ ಅಂತ ಯಾಕ ಹೇಳಲಿಲ್ರಿ? ಕಲ್ಲು ಬೇಕಾಗಿತ್ತಂತನ?”

“ಮೊದ್ಲ ನಾನೂ ಹಂಗ ಅಂದ್ಕೊಂಡಿದ್ದೆ.”

“ಈಗ?”

“ಈಗ ಶಾಸನ ಓದಾಕ ಕುಂತ್ರ ಒಂದಕ್ಷರ ತಲಿಗೆ ಹೋಗವಲ್ದು. ಬಾಜೂಕ ನೀವ ನಿಂತೀರಿ. ಇದಕ್ಕ ಏನಂತಾರ ನನಗ ತಿಳೀವಲ್ದು.”

ಆಚೆ ಟೇಬಲ್ಲಿನಲ್ಲಿ ಮಲೀಕಸಾಬರು ಬೇಕೆಂತಲೇ ಕೆಮ್ಮಿ, ಚಹಾದ ನೆಪ ಹೇಳಿ ಹೊರಗೆ ಹೋದರು.

ತನಗೆ ಅವನು ಬೇಕು. ಗ್ಯಾನಮ್ಮನಿಗೆ ಇದು ಎಂದೋ ಗೊತ್ತಿತ್ತು, ಒಪ್ಪಿಕೊಂಡದ್ದು ಈಗ. ಅವಳು ಫೋಟೋ ಕತ್ತರಿಸದೆ ಇದ್ದ ಹಾಗೆಯೇ ಪರದೆಗೆ ತಂದಳು.

ಮೈಲಾರಲಿಂಗಪ್ಪ ಗಾಬರಿಯಾದ. “ಜಗತ್ತೆಲ್ಲ ನೋಡತೈತಿ, ಮತ್ತ.”

“ಜಗತ್ತು ಆಮ್ಯಾಲೆ ನೋಡ್ಲಿ. ಮೊದ್ಲ ನಮ್ಮವ್ವ ನೋಡಬೇಕು. ಐತವಾರ ಮಸ್ಕಿಗೆ ಬಂದು ನೀವ ತೋರಸ್ರಿ.”