ಮುಳ್ಳುಬೇಲಿಯೊಳಗಿನ ಕುರಿ

ಬೆಳಗ್ಗೆ ತನ್ನ ಅತ್ತಿಗೆಯ ದೊಡ್ಡಿಯಲ್ಲಿ ನಡುಗುತ್ತಾ ನಿಂತಿದ್ದ ಕುರಿಯನ್ನು ಮೊದಲು ಕಂಡವನು, ಎದುರಿಗೇ ಕುರಿ ಸಾಕಿದ್ದ ಅವಳ ಮೈದುನ. ಅದನ್ನು ಬೀದಿಗೆಳೆದು ಕಟ್ಟಿ ಪಶು ಆಸ್ಪತ್ರೆಗೆ ಫೋನ್ ಮಾಡಿದವನೂ ಅವನೇ. ಡಾಕ್ಟರಮ್ಮನ ಜೀಪು ಓಡಿಸುವವನು ನಾನು, ಇಬ್ಬರೂ ಹೊರಟೆವು.

ಕುರಿಯ ಬೆನ್ನ ಮೇಲೆ ಕೆಂಪು ಬಣ್ಣ — ಅತ್ತಿಗೆಯ ಹಿಂಡಿನ ಗುರುತು. ಪಕ್ಕೆಗಳಲ್ಲಿ ಉಣ್ಣೆಯೇ ಇಲ್ಲ. ಡಾಕ್ಟರಮ್ಮ ಬೆನ್ನು ಕೆರೆದರು. ಕುರಿ ತಲೆಯೆತ್ತಿ, ಗಾಳಿಯನ್ನೇ ಮೇಯುವಂತೆ ತುಟಿ ಆಡಿಸಿತು.

“ಸ್ಕ್ರೇಪಿ ಇರಬಹುದು.”

ಮಿದುಳು ತಿನ್ನುವ, ಮದ್ದಿಲ್ಲದ ರೋಗ. ತಿಂಗಳುಗಟ್ಟಲೆ ಮೈ ತುರಿಸಿ, ಕುರಿ ಸಿಕ್ಕಿದ್ದಕ್ಕೆಲ್ಲ ಉಜ್ಜಿಕೊಳ್ಳುತ್ತದೆ. ಪರೀಕ್ಷೆಯಲ್ಲಿ ಖಚಿತವಾದರೆ, ಆ ಕುರಿ ಬೆಳೆದ ಹಿಂಡನ್ನೆಲ್ಲ ಕೊಲ್ಲಬೇಕು.

ಗಂಡ ಸತ್ತ ಮೇಲೆ ಆ ಹಿಂಡಿನಿಂದಲೇ ಹೆಣ್ಣುಮಕ್ಕಳನ್ನು ಸಾಕಿದವಳು ಅತ್ತಿಗೆ. ದೊಡ್ಡಿಯ ಬಾಗಿಲಿಗೆ ಅಡ್ಡ ನಿಂತಳು.

“ಇದು ನನ್ನ ಕುರಿ ಅಲ್ಲ. ಬಣ್ಣ ಯಾರು ಬೇಕಾದ್ರೂ ಬಳೀಬಹುದು. ಒಳಗಿರೋದನ್ನ ಮುಟ್ಟೋದಾದ್ರೆ ಮೊದಲು ನನ್ನ ದಾಟಿ.”

ಅತ್ತಿಗೆಗೆ ಮೊದಲಿನಿಂದಲೂ ಹಟ ಜಾಸ್ತಿ ಎಂದು ಮೈದುನ ನನ್ನ ಕಿವಿಯಲ್ಲಿ ಉಸುರಿ ನಕ್ಕ. ನನಗಂತೂ ಆ ಹಟ ಹಿಡಿಸಿತು. ಆದರೆ ಹಟ ಸಾಕ್ಷಿಯಾಗುತ್ತದೆಯೇ?

ಡಾಕ್ಟರಮ್ಮ ಕುರಿಯ ಬೋಳು ಪಕ್ಕೆಯನ್ನು ಸವರಿ ನೋಡಿದರು. ಅತ್ತಿಗೆಯ ಬೇಲಿಯನ್ನು ಒಂದು ಸುತ್ತು ಹಾಕಿದರು. ಆಮೇಲೆ ಎದುರಿಗಿದ್ದ ಮೈದುನನ ದೊಡ್ಡಿಗೆ ನಡೆದರು. ಅಲ್ಲಿ ಮರದ ಗೂಟಗಳ ಬೇಲಿ. ನಾನು ಒಂದು ಗೂಟಕ್ಕೆ ಆರಾಮಾಗಿ ಒರಗಿದೆ.

“ನಮ್ಮ ಡ್ರೈವರ್ ಒರಗಿರೋ ಗೂಟ ಯಾವಾಗ ನೆಟ್ಟಿದ್ದು?”

ತಿರುಗಿ ನೋಡಿದೆ. ಉಳಿದವೆಲ್ಲ ಬೂದು ಬಣ್ಣಕ್ಕೆ ತಿರುಗಿದ್ದವು; ಇದು ಹಸಿ ಮರ.

“ಹಳೇದಕ್ಕೆ ಗೆದ್ದಲು ಹಿಡಿದಿತ್ತು ಮೇಡಂ. ಸುಟ್ಟುಬಿಟ್ಟೆ.”

ಹೇಳುವಾಗಲೇ ಅವನ ಕಣ್ಣು ಗೊಬ್ಬರದ ಗುಂಡಿಯತ್ತ ಹೋಯಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ! ಗುಂಡಿ ಕೆದಕಿದೆ. ಹಳೆಯ ಗೂಟ ಸಿಕ್ಕಿತು. ಗೆದ್ದಲಿನ ಸುಳಿವಿಲ್ಲ. ಕುರಿಯ ಪಕ್ಕೆಯ ಎತ್ತರದಲ್ಲಿ ಮಾತ್ರ ಜಿಡ್ಡು ಹತ್ತಿ ನುಣ್ಣಗಾಗಿತ್ತು, ಸೀಳಿನಲ್ಲಿ ಉಣ್ಣೆ ಸಿಕ್ಕಿಕೊಂಡಿತ್ತು.

“ನಾವೆಲ್ಲ ಬಣ್ಣ ನೋಡಿದ್ವಿ, ಬೇಲಿ ನೋಡಲಿಲ್ಲ,” ಎಂದರು ಡಾಕ್ಟರಮ್ಮ. “ನಿಮ್ಮ ಅತ್ತಿಗೇದು ಮುಳ್ಳುಬೇಲಿ. ಅದಕ್ಕೆ ಉಜ್ಜಿಕೊಂಡಿದ್ರೆ ಮೈಯೆಲ್ಲ ಗೀರಿರಬೇಕಿತ್ತು. ಈ ಕುರಿಗೆ ಒಂದು ಗೀರೂ ಇಲ್ಲ. ಉಜ್ಜಿಕೊಂಡಿದ್ದು ನಿಮ್ಮ ಗೂಟಕ್ಕೆ. ಬಣ್ಣ ಬಳಿದು ಅವರ ದೊಡ್ಡಿಗೆ ಬಿಟ್ಟವರೂ ನೀವೇ — ಅಲ್ವಾ?”

ರೋಗವನ್ನು ಅತ್ತಿಗೆಯ ತಲೆಗೆ ಕಟ್ಟಿ, ಅದರ ಸುದ್ದಿ ತನ್ನ ಬಾಗಿಲಿಗೆ ಬರುವ ಮೊದಲು ತನ್ನ ಹಿಂಡು ಮಾರಿಬಿಡುವ ಯೋಚನೆಯಿತ್ತು ಎಂದು ಮೈದುನ ಗೊಣಗಿದ. ಬಳಿಕ ಬೀದಿಯಾಚೆ ತಿರುಗಿದ.

“ಅತ್ತಿಗೆ, ನೀವಾದ್ರೂ ಒಂದು ಮಾತು ಹೇಳಿ.”

ಅತ್ತಿಗೆ ತನ್ನ ಬಾಗಿಲನ್ನು ಅಗಲವಾಗಿ ತೆರೆದಳು.

“ಡಾಕ್ಟ್ರಮ್ಮ, ಒಳಗೆ ಬನ್ನಿ. ರಾತ್ರಿ ಇವೂ ಅದರ ಜೊತೆ ಇದ್ವು, ಒಂದೊಂದಾಗಿ ನೋಡಿ.” ಆಮೇಲೆ ಅವನಿಗೆ, “ನಾನು ನನ್ನ ಬಾಗಿಲಿಗೆ ಅಡ್ಡ ನಿಂತಿದ್ದೆ. ಈಗ ನಿನ್ನ ಬಾಗಿಲಿಗೆ ನೀನು ಅಡ್ಡ ನಿಲ್ಲು ನೋಡೋಣ.”

ಅವನು ನಿಲ್ಲಲಿಲ್ಲ. ದೊಡ್ಡಿಯ ಬೀಗದ ಕೈಯನ್ನು ಡಾಕ್ಟರಮ್ಮನ ಕೈಗಿಟ್ಟು ಪಕ್ಕಕ್ಕೆ ಸರಿದ.